ಲೇಬಲ್‌ಗಾಗಿ ಟೇಬಲ್ ಮುಟ್ಟಬೇಡಿ

ಪ್ರಶ್ನೆ: ಪೀಣ್ಯದಲ್ಲಿ ಬಿಡಿಭಾಗಗಳ ವರ್ಕ್‌ಶಾಪ್ ಇದೆ. ಸ್ಟಾಕ್ ಲೆಕ್ಕ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿದೆ. ಐಟಂ ಹೆಸರು ಉದ್ದವಾಗಿ ಲೇಬಲ್‌ನಲ್ಲಿ ಹಿಡಿಸುತ್ತಿಲ್ಲ. ಹೆಸರುಗಳನ್ನೇ ತಿದ್ದಲೇ?

ಉತ್ತರ: ಬೇಡ, ಬಿಲ್‌ಗೆ ಪೂರ್ತಿ ಹೆಸರೇ ಬೇಕಾಗುತ್ತದೆ. ಕ್ವೆರಿಯಲ್ಲಿ ಹೊಸ ಕಾಲಂ ಮಾಡಿ, ಅದಕ್ಕೆ ಬೇರೆ ಹೆಸರಿಡಿ. ಮೂಲ ಫೀಲ್ಡ್‌ನ ಹೆಸರನ್ನೇ ಕೊಟ್ಟರೆ ಎರರ್ ಬರುತ್ತದೆ. ಮೊದಲು ಟ್ರಿಮ್ ಹಾಕಿ, ಹಿಂದುಮುಂದಿನ ಖಾಲಿ ಜಾಗ ಹೋಗುತ್ತದೆ. ಆಮೇಲೆ ಲೆಫ್ಟ್ ಬಳಸಿ ಮೊದಲ 25 ಅಕ್ಷರ ತೆಗೆದುಕೊಳ್ಳಿ.

ಕನ್ನಡದ ಹೆಸರಿದ್ದರೆ ಹುಷಾರು. ‘ಸ್ಕ್ರೂ’ ನಮಗೆ ಒಂದೇ ಅಕ್ಷರ, ಆಕ್ಸೆಸ್ ಲೆಕ್ಕದಲ್ಲಿ 6. ಒತ್ತಕ್ಷರ ನಡುವೆಯೇ ತುಂಡಾಗಬಹುದು. ಅಂಥವಕ್ಕೆ ಚಿಕ್ಕ ಹೆಸರಿನ ಪ್ರತ್ಯೇಕ ಫೀಲ್ಡ್ ಇಡಿ. ಲೇಬಲ್‌ನಲ್ಲಿ ಎರಡನೇ ಸಾಲಿಗೆ ಜಾಗವಿದ್ದರೆ ಕತ್ತರಿಸುವುದೇ ಬೇಡ, ರಿಪೋರ್ಟ್‌ನಲ್ಲಿ ‘ಕ್ಯಾನ್ ಗ್ರೋ’ ಆನ್ ಮಾಡಿ.

ಟೇಬಲ್‌ನ ಮಾಹಿತಿಯನ್ನೇ ಬದಲಿಸಬೇಕಾಗಿ ಬಂದರೆ ಮೊದಲು ಬ್ಯಾಕಪ್ ತೆಗೆಯಿರಿ. ಬಿಲ್ಲಿಂಗ್ ಸಾಫ್ಟ್‌ವೇರನ್ನು ಆ ಟೇಬಲ್‌ಗೆ ಜೋಡಿಸಿದ್ದರೆ ಡೆವಲಪರನ್ನು ಕರೆಸಿ.