ನೆಲಸಂಪಿಗೆ ಒಣಗಿತೆ, ಮಲಗಿತೆ?

ಪ್ರಶ್ನೆ: ಊರಿನಿಂದ ತಂದ ನೆಲಸಂಪಿಗೆಯ ಗೆಡ್ಡೆಯನ್ನು ಜೂನ್‌ನಲ್ಲಿ ಕುಂಡದಲ್ಲಿ ನೆಟ್ಟಿದ್ದೆ. ಮಳೆಗಾಲದಲ್ಲಿ ಎಲೆ ಸೊಂಪಾಗಿ ಬಂತು. ದೀಪಾವಳಿ ಕಳೆದ ಮೇಲೆ ಒಂದೊಂದೇ ಹಳದಿಯಾಗಿ, ಈಗ ಕುಂಡ ಬರಿದಾಗಿದೆ. ದಿನವೂ ನೀರು ಹಾಕುತ್ತಿದ್ದೇನೆ. ಗಿಡ ಸತ್ತಿತೆ? ಹೂ ಯಾವಾಗ ಬರುತ್ತದೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಮೊದಲು ನೀರು ನಿಲ್ಲಿಸಿ. ಗಿಡ ಸತ್ತಿರಲಿಕ್ಕಿಲ್ಲ, ಆದರೆ ಹೀಗೇ ನೀರು ಹಾಕುತ್ತಿದ್ದರೆ ಸಾಯಬಹುದು. ಬೆರಳಿನಿಂದ ಮಣ್ಣು ಕೆದಕಿ ಗೆಡ್ಡೆಯನ್ನು ಮೆಲ್ಲಗೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಮಣ್ಣು ಮುಚ್ಚಿ ಸುಮ್ಮನಿರಿ. ಮೆತ್ತಗಾಗಿದ್ದರೆ ಕೊಳೆತ ಭಾಗವನ್ನು ಕೊಯ್ದು ತೆಗೆದು, ಗಾಯಕ್ಕೆ ಬೂದಿ ಸವರಿ, ಎರಡು ಮೂರು ದಿನ ನೆರಳಲ್ಲಿ ಆರಿಸಿ ಬೇರೆ ಒಣಮಣ್ಣಿನಲ್ಲಿಡಿ.

ನೆಲಸಂಪಿಗೆ ಶುಂಠಿ, ಅರಿಶಿನಗಳ ಬಳಗದ್ದು. ಸಸ್ಯಶಾಸ್ತ್ರದಲ್ಲಿ ಕೆಂಫೇರಿಯಾ ರೊಟುಂಡಾ. ಚಳಿಗಾಲಕ್ಕೆ ಅರಿಶಿನದ ಎಲೆ ಒಣಗುವಂತೆ ಇದರದೂ ಒಣಗುತ್ತದೆ. ಬೇರುಗಳಲ್ಲಿ ಉಬ್ಬಿಕೊಂಡಿರುವ ಸಣ್ಣ ಗಂಟುಗಳೇ ಇದರ ಉಗ್ರಾಣ. ಅಲ್ಲಿ ಕೂಡಿಟ್ಟ ನೀರು, ಪಿಷ್ಟಗಳ ಬಲದಿಂದ ಗೆಡ್ಡೆ ಬೇಸಿಗೆಯನ್ನು ದಾಟುತ್ತದೆ. ಎಲೆಯಿಲ್ಲದ ಗಿಡ ನೀರು ಹೀರುವುದಿಲ್ಲ. ನೀವು ಹಾಕಿದ್ದು ಮಣ್ಣಿನಲ್ಲೇ ನಿಂತು ಗೆಡ್ಡೆಯನ್ನು ಕೊಳೆಸುತ್ತದೆ. ಬೆಂಗಳೂರಿನಲ್ಲಿ ನವೆಂಬರ್‌ನ ವಾಯುಭಾರ ಕುಸಿತದ ಮಳೆಯೂ ಇದಕ್ಕೆ ಆಗದು. ಕುಂಡವನ್ನು ಸಜ್ಜೆಯ ಕೆಳಗೆ ಸರಿಸಿಬಿಡಿ.

ಎಲೆಯುದುರುವ ಕಾಡಿನ ಋತುಚಕ್ರಕ್ಕೆ ಹೊಂದಿಕೊಂಡ ಬದುಕು ಇದು. ಬೇಸಿಗೆಯಲ್ಲಿ ಮರಗಳು ಬೋಳಾಗಿ ನೆಲಕ್ಕೆ ಬೆಳಕು ಬಿದ್ದಿರುವಾಗ, ಅಶ್ವಿನಿ ಭರಣಿ ಮಳೆಗಳ ಆಸುಪಾಸಿನಲ್ಲಿ, ಎಲೆಗಿಂತ ಮೊದಲು ಹೂವೇ ಮಣ್ಣಿನಿಂದ ಮೇಲೇಳುತ್ತದೆ. ಬಿಳಿ ಎಸಳು, ನೇರಳೆ ತುಟಿ, ಒಳ್ಳೆಯ ಕಂಪು. ಒಂದು ಹೂವಿನ ಆಯುಸ್ಸು ಒಂದೇ ದಿನವಾದರೂ ಅದೇ ಬುಡದಿಂದ ಒಂದರ ಹಿಂದೊಂದು ಅರಳುತ್ತವೆ. ಮಳೆಗಾಲದಲ್ಲಿ ಮರಗಳು ಚಿಗುರಿ ನೆಲಕ್ಕೆ ನೆರಳು ಕವಿದಾಗ ಎಲೆಗಳ ಸರದಿ: ಮೇಲೆ ತಿಳಿಹಸಿರು ಪಟ್ಟೆ, ಅಡಿಯಲ್ಲಿ ನೇರಳೆಗೆಂಪು.

ಎಲೆಯಿಲ್ಲದೆ ಹೂ ಬಿಡುವ ಗಿಡ ಅದಕ್ಕೆ ಬೇಕಾದ ಆಹಾರವನ್ನು ಹಿಂದಿನ ಮಳೆಗಾಲದಲ್ಲೇ ಕೂಡಿಟ್ಟಿರಬೇಕಲ್ಲವೆ? ಹಾಗಾಗಿ ಹೂವಿಗಾಗಿ ಮಾಡುವ ಆರೈಕೆಯೆಲ್ಲ ಎಲೆಗೆ ಮಾಡುವ ಆರೈಕೆಯೇ. ಎಳೆಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವದ ಬದಿ ಒಳ್ಳೆಯದು. ಸಪೋಟ ಅಥವಾ ಮಾವಿನ ಮರದ ಕೆಳಗಾದರೂ ಸರಿ. ನಡುಹಗಲ ಬಿಸಿಲಿಗೆ ಎಲೆಯ ಅಂಚು ಸುಡುತ್ತದೆ. ತೀರಾ ಕತ್ತಲಾದರೆ ಗೆಡ್ಡೆ ಬಲಿಯುವುದಿಲ್ಲ. ಆಳಕ್ಕಿಂತ ಅಗಲ ಹೆಚ್ಚಿರುವ ಕುಂಡದಲ್ಲಿ ಕೆಂಪುಮಣ್ಣು, ಎಲೆಗೊಬ್ಬರ, ಮರಳು ಸಮಸಮ ಬೆರೆಸಿ, ಗೆಡ್ಡೆಯನ್ನು ಎರಡು ಅಂಗುಲ ಆಳದಲ್ಲಿಡಿ. ಎಲೆ ಬಿಚ್ಚಿದ ಮೇಲೆ ತಿಂಗಳಿಗೊಮ್ಮೆ ಒಂದು ಹಿಡಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಬಸವನಹುಳು ಎಲೆ ಮೇಯುತ್ತದೆ. ಸಂಜೆ ಹುಡುಕಿ ಆರಿಸಿ ತೆಗೆಯಿರಿ. ಎಲೆ ಹಳದಿಯಾಗತೊಡಗಿದಾಗ ನೀರನ್ನು ಕ್ರಮೇಣ ಕಡಿಮೆ ಮಾಡಿ. ಹಸಿರು ಉಳಿದಿರುವ ಎಲೆಯನ್ನು ಮಾತ್ರ ಅಂದಕ್ಕಾಗಿ ಕತ್ತರಿಸಬೇಡಿ; ಅದರ ಸತ್ವ ಕೆಳಕ್ಕಿಳಿಯುವ ಹೊತ್ತು ಅದು.

ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದಾಗ ಕುಂಡವನ್ನು ಹೊರಗಿಡಿ. ಮಳೆ ತಡವಾದರೆ ಒಮ್ಮೆ ಚೆನ್ನಾಗಿ ನೀರುಣಿಸಿ, ಮೊಳಕೆ ಕಾಣುವವರೆಗೆ ಕಾಯಿರಿ. ನೆಟ್ಟು ಒಂದೇ ಮಳೆಗಾಲ ಕಳೆದಿರುವುದರಿಂದ ಈ ಬಾರಿ ಬರೀ ಎಲೆ ಬಂದರೂ ಬೇಸರ ಬೇಡ, ಕಿತ್ತು ಬೇರೆಡೆ ನೆಡಲೂ ಬೇಡಿ. ಬುಡ ಕುಂಡ ತುಂಬಿದ ಮೇಲೆ, ಗಿಡ ಮಲಗಿರುವಾಗಲೇ ಬೇರ್ಪಡಿಸಿ. ಪ್ರತಿ ತುಂಡಿಗೂ ಒಂದು ಕಣ್ಣು, ಕೆಲವು ಬೇರುಗಂಟುಗಳು ಇರಲಿ. ಇನ್ನಷ್ಟು ಬೇಕೆಂದು ಕಾಡಿನಿಂದ ಅಗೆದು ತರಬೇಡಿ. ನಾಲ್ಕಾರು ವರ್ಷದಲ್ಲಿ ನಿಮ್ಮ ಕುಂಡವೇ ಅಕ್ಕಪಕ್ಕದ ಮನೆಗಳಿಗೂ ಆಗುವಷ್ಟು ಗೆಡ್ಡೆ ಕೊಟ್ಟೀತು.