ಗಂಡಹೆಂಡರ ಪ್ರೀತಿಯ ಮೂರು ಅಂಗಗಳು

ಗಂಡಹೆಂಡರು ಒಂದೇ ಸೂರಿನ ಕೆಳಗೆ ಬಾಳುತ್ತಿದ್ದರೂ ಒಬ್ಬರ ಮನಸ್ಸು ಒಬ್ಬರಿಗೆ ತಿಳಿಯದೆ ನೊಂದುಕೊಳ್ಳುವದನ್ನು ನಾವು ಊರೂರಲ್ಲಿ ಕಾಣುತ್ತೇವಷ್ಟೆ. ಇಬ್ಬರಲ್ಲಿಯೂ ದ್ರೋಹವಿಲ್ಲ, ದುರಭ್ಯಾಸವಿಲ್ಲ, ಆದರೂ ಸಮಾಧಾನವಿಲ್ಲ. ಇದಕ್ಕೆ ಕಾರಣವೇನೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಮೊದಲನೆಯದಾಗಿ, ಪ್ರೀತಿಯೆಂಬದು ಒಂದೇ ವಸ್ತುವಲ್ಲ. ಅಮೇರಿಕಾ ದೇಶದ ಮನಃಶಾಸ್ತ್ರಜ್ಞರಾದ ರಾಬರ್ಟ್ ಸ್ಟರ್ನ್‌ಬರ್ಗ್ ಎಂಬವರು ಅದಕ್ಕೆ ಮೂರು ಅಂಗಗಳುಂಟೆಂದು 1986ರಲ್ಲಿ ಬರೆದರು. ಅವು ಯಾವವೆಂದರೆ: ಮನಸ್ಸು ಬಿಚ್ಚಿ ಮಾತಾಡುವ ಆಪ್ತತೆ, ಒಬ್ಬರನ್ನೊಬ್ಬರು ಬಯಸುವ ಅನುರಾಗ, ಕಷ್ಟ ಬಂದರೂ ಕೈಬಿಡೆನೆಂಬ ನಿಶ್ಚಯ. ಅನುರಾಗವೊಂದೇ ಇದ್ದರೆ ಅದು ಹುಲ್ಲಿನ ಬೆಂಕಿಯಂತೆ ಬೇಗ ಹೊತ್ತಿ ಬೇಗ ಆರುವದು. ನಿಶ್ಚಯವೊಂದೇ ಉಳಿದರೆ ಮನೆಯು ನಿಂತಿರುವದು, ಒಲೆ ಮಾತ್ರ ತಣ್ಣಗಿರುವದು. ಆದರೂ ಹಿರಿಯರು ಗೊತ್ತುಮಾಡಿದ ಮದುವೆಗಳಲ್ಲಿ ನಿಶ್ಚಯವೇ ಮೊದಲು ಬಂದು, ಮಿಕ್ಕವು ಆ ಮೇಲೆ ಬೆಳೆಯುವದುಂಟು.

ಎರಡನೆಯದಾಗಿ, ಪ್ರೀತಿಯನ್ನು ಅಂಗೀಕರಿಸುವ ರೀತಿಯು ಎಲ್ಲರಲ್ಲಿ ಒಂದೇ ಅಲ್ಲ. ಕೂಸು ತನ್ನನ್ನು ಸಾಕುವವರಿಗೆ ಅಂಟಿಕೊಳ್ಳುವ ಬಗೆಯನ್ನು ಇಂಗ್ಲೆಂಡಿನ ವೈದ್ಯರಾದ ಜಾನ್ ಬೌಲ್ಬಿಯವರು ವಿವರಿಸಿದರು. ಮೇರಿ ಐನ್ಸ್‌ವರ್ತ್ ಅಮ್ಮನವರು ಅದನ್ನು ಕೂಸುಗಳಲ್ಲಿ ಪರೀಕ್ಷಿಸಿ ನೋಡಿದರು. 1987ರಲ್ಲಿ ಹೇಜನ್, ಶೇವರ್ ಎಂಬಿಬ್ಬರು ಪಂಡಿತರು ವರ್ತಮಾನಪತ್ರದ ಮೂಲಕ ಪ್ರಶ್ನೆಗಳನ್ನು ಕೇಳಲಾಗಿ, ದೊಡ್ಡವರ ಪ್ರೀತಿಯಲ್ಲಿಯೂ ಅಂಥ ರೀತಿಗಳು ಕಂಡುಬಂದವು. ಉತ್ತರ ಕೊಟ್ಟವರಲ್ಲಿ ನೂರಕ್ಕೆ ಸುಮಾರು 56 ಮಂದಿ ಭರವಸದಿಂದಿರುವವರು, 25 ಮಂದಿ ದೂರ ಸರಿಯುವವರು, 19 ಮಂದಿ ಕಳವಳಪಡುವವರು.

ದೂರ ಸರಿಯುವ ಗಂಡನಿಗೆ ಕಳವಳಪಡುವ ಹೆಂಡತಿಯು ಜೊತೆಯಾದರೆ ಏನಾಗುವದು? ಸಂತೆಯಿಂದ ತಡವಾಗಿ ಬಂದವನನ್ನು, "ಎಲ್ಲಿದ್ದಿರಿ?" ಎಂದು ಅವಳು ಮೂರು ಸಾರಿ ಕೇಳುವಳು, ಅವನು ಮಾತಾಡದೆ ಜಗಲಿಗೆ ಹೋಗುವನು. ಅವನು ಸರಿದಷ್ಟೂ ಅವಳ ಕಳವಳವು ಹೆಚ್ಚುವದು. ಅವಳು ಕೇಳಿದಷ್ಟೂ ಅವನು ಸರಿಯುವನು. ಕೆಲವು ಮನೆಗಳಲ್ಲಿ ಇದು ತಿರುಗುಮುರುಗಾಗಿರುವದು. ಒಬ್ಬರದನ್ನು ಒಬ್ಬರು ಹಟವೆಂದು ತಿಳಿಯುವರು, ಒಳಗಿರುವದೋ ಭಯವು. ಹೀಗೆ ಆಪ್ತತೆಯು ಕುಗ್ಗಲಾಗಿ ಸಂಸಾರದ ತೃಪ್ತಿಯೂ ಕುಗ್ಗುವದು.

ಆದರೆ ಈ ರೀತಿಯು ಹಣೆಬರಹವಲ್ಲ. ನಂಬಿಕೆಗೆ ಯೋಗ್ಯರಾದವರ ಸಂಗಡ ಬಹುಕಾಲ ಬಾಳುವದರಿಂದ ಅದು ಮಾರ್ಪಡಬಹುದು. ಆದಕಾರಣ ಸರಿಯುವವನು, "ಸ್ವಲ್ಪ ಹೊತ್ತು ಸುಮ್ಮನಿದ್ದು ಬರುತ್ತೇನೆ" ಎಂದು ಹೇಳಿ, ಹೇಳಿದಂತೆಯೇ ಬರಲಿ. ಕೇಳುವವಳು ದೂರುವದನ್ನು ಬಿಟ್ಟು, "ನನಗೆ ಭಯವಾಯಿತು" ಎಂದು ಹೇಳಲಿ. ಹೊಡೆತಬಡಿತಕ್ಕೆ ಮಾತ್ರ ಇವುಗಳಲ್ಲಿ ಯಾವದೂ ನೆವವಾಗಲಾರದು.

ಈ ರಾತ್ರಿ ನಮ್ಮನ್ನು ನಾವೇ ಕೇಳಿಕೊಳ್ಳೋಣ: ಮೂರು ಅಂಗಗಳಲ್ಲಿ ನಮ್ಮ ಮನೆಯಲ್ಲಿ ಬಡವಾಗಿರುವದು ಯಾವದು? ಭಯ ಬಂದಾಗ ನಾವು ಬೆನ್ನಟ್ಟುವವರೋ, ಸರಿಯುವವರೋ?