ಬಲೆ ತುಂಬ ಮೀನು, ಬುಟ್ಟಿಗೆ ಯಾವುದು?



ರಾತ್ರಿ ಎಂಟು ಗಂಟೆ. ನಾಳಿನ ಪೂಜೆಯ ವಾಚನ ಯಾವುದೆಂದು ನೋಡಲು ನೀವು ಮೊಬೈಲ್ ಕೈಗೆತ್ತಿಕೊಳ್ಳುತ್ತೀರಿ. ವಾಚನದ ಕೆಳಗೆ ಒಂದು ಸುದ್ದಿ, ಅದರ ಪಕ್ಕದಲ್ಲಿ ಒಂದು ವಿಡಿಯೊ, ಅದು ಮುಗಿಯುವಷ್ಟರಲ್ಲಿ ಮತ್ತೊಂದು. ತಲೆಯೆತ್ತಿದಾಗ ಒಂಬತ್ತೂವರೆ. ಕುಟುಂಬ ಪ್ರಾರ್ಥನೆಗೆಂದು ಜಪಸರ ಹಿಡಿದು ಕಾದಿದ್ದ ಅಜ್ಜಿ ಕುಳಿತಲ್ಲೇ ತೂಕಡಿಸುತ್ತಿದ್ದಾರೆ. ಮಕ್ಕಳು ಮಲಗಿಬಿಟ್ಟಿದ್ದಾರೆ. ನೀವು ಕೆಟ್ಟದ್ದೇನನ್ನೂ ನೋಡಲಿಲ್ಲ, ನಿಜ. ಆದರೂ ಒಂದು ಸಂಜೆ ಕಳೆದುಹೋಯಿತು. ನಮ್ಮಲ್ಲಿ ಎಷ್ಟು ಮನೆಗಳ ಕಥೆ ಇದು!

ಶುಭಸಂದೇಶದ ಬಲೆ

ಯೇಸುಸ್ವಾಮಿ ಹೇಳಿದ ಬಲೆಯ ಸಾಮತಿಯನ್ನು (ಮತ್ತಾಯ 13:47-48) ನೆನಪಿಸಿಕೊಳ್ಳಿ. ಬೀಸಿದ ಬಲೆಗೆ ಎಲ್ಲ ಜಾತಿಯ ಮೀನೂ ಬೀಳುತ್ತದೆ. ಬೆಸ್ತರು ಅದನ್ನು ದಡಕ್ಕೆಳೆದು, ಕುಳಿತು, ಒಳ್ಳೆಯದನ್ನು ಆರಿಸಿಕೊಂಡು ಉಳಿದದ್ದನ್ನು ಎಸೆಯುತ್ತಾರೆ. ಸ್ವಾಮಿ ಅಲ್ಲಿ ಹೇಳಿದ್ದು ಅಂತಿಮ ತೀರ್ಪಿನ ವಿಷಯ. ಆದರೆ ಕುಳಿತು ಆರಿಸುವ ಆ ಕೆಲಸ ನಮ್ಮ ದಿನದ ಬಾಳಿಗೂ ಪಾಠ. ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಉಳಿಸಿಕೊಳ್ಳಲು ಸಂತ ಪೌಲರೂ ಥೆಸಲೋನಿಕದವರಿಗೆ ಬುದ್ಧಿ ಹೇಳಿದರು.

ಅಂತರ್ಜಾಲವೂ ಒಂದು ಬಲೆಯೇ. ಆದರೆ ಇಲ್ಲಿ ಆರಿಸುವ ಕೆಲಸವನ್ನು ನಾವು ಬೇರೆಯವರಿಗೆ ಬಿಟ್ಟುಕೊಟ್ಟಿದ್ದೇವೆ. ನಮ್ಮನ್ನು ಹೆಚ್ಚು ಹೊತ್ತು ಹಿಡಿದಿಡುವಂಥದ್ದನ್ನೇ ಕಂಪನಿಗಳ ಲೆಕ್ಕಾಚಾರ ಮುಂದಿಡುತ್ತದೆ. ಆಗ ಬಲೆಯಲ್ಲಿ ಸಿಕ್ಕಿದ ಮೀನು ನಾವೇ.

ಆರಿಸಲು ಒಂದು ಸಾಧನ

1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿದ 'ಆರ್‌ಎಸ್‌ಎಸ್' ಎಂಬ ವ್ಯವಸ್ಥೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಜಾಲತಾಣವು ತನ್ನ ಹೊಸ ಬರಹಗಳ ಶೀರ್ಷಿಕೆ, ಸಾರಾಂಶಗಳ ಪಟ್ಟಿಯನ್ನು ಸಿದ್ಧವಾಗಿಡುತ್ತದೆ. ಇದೇ ಫೀಡ್. 'ಫೀಡ್ ರೀಡರ್' ಎಂಬ ಆಪ್ ನೀವು ಹೇಳಿದ ತಾಣಗಳ ಪಟ್ಟಿಗಳನ್ನು ಮಾತ್ರ ತಂದು ಒಂದೆಡೆ ಜೋಡಿಸುತ್ತದೆ. ಹತ್ತು ಅಂಗಡಿ ಅಲೆಯುವ ಬದಲು, ಬೇಕಾದ ಪತ್ರಿಕೆ ಮನೆಬಾಗಿಲಿಗೇ ಬಂದ ಹಾಗೆ. ಜನಪ್ರಿಯವಾಗಿದ್ದ ಗೂಗಲ್ ರೀಡರ್ 2013ರಲ್ಲಿ ನಿಂತುಹೋಯಿತು. ಫೀಡ್ಲಿ, ಇನೋರೀಡರ್ ಮುಂತಾದವು ಇವೆ. ಹೀಗೆ ಮಾಡಿ:

1. ನಿಮಗೆ ನಿಜವಾಗಿ ಬೇಕಾದ ಐದಾರು ತಾಣಗಳನ್ನು ಮಾತ್ರ ಸೇರಿಸಿ. ವ್ಯಾಟಿಕನ್ ನ್ಯೂಸ್ ಫೀಡ್ ಒದಗಿಸುತ್ತದೆ. ಎಲ್ಲ ತಾಣಗಳಲ್ಲೂ ಈ ಸೌಲಭ್ಯವಿಲ್ಲ.

2. ಪದ ಕೊಟ್ಟು ಸೋಸಿ. ಕೆಲಸ ಹುಡುಕುವ ಮಗನಿಗೆ 'ಶಿಕ್ಷಕ' ಎಂಬ ಪದವಿರುವ ಪ್ರಕಟಣೆ ಮಾತ್ರ ಸಾಕು. ಸಿನಿಮಾ ಗಾಳಿಸುದ್ದಿ ಬೇಡವೆಂದರೆ ಆ ಪದವನ್ನು ತಡೆಯಿರಿ. ಕೆಲವು ರೀಡರ್‌ಗಳು ಸೋಸುವ ಸೌಲಭ್ಯಕ್ಕೆ ಹಣ ಕೇಳುತ್ತವೆ, ಮೊದಲೇ ವಿಚಾರಿಸಿ.

3. ದಿನಕ್ಕೊಮ್ಮೆ, ಗೊತ್ತಾದ ಹೊತ್ತಿನಲ್ಲಿ ತೆರೆಯಿರಿ. ಪಟ್ಟಿ ಮುಗಿದಾಗ ಮುಚ್ಚಿಬಿಡಿ. ಓದದೆ ಉಳಿದವನ್ನು ಅಳಿಸಿದರೆ ಪಾಪವೇನಿಲ್ಲ!

ಒಂದು ಎಚ್ಚರಿಕೆ

ಮನಸ್ಸಿಗೆ ಹಿತವಲ್ಲದ್ದನ್ನೆಲ್ಲ ಸೋಸಿಬಿಟ್ಟರೆ, ದಾರಿಯಲ್ಲಿ ಬಿದ್ದಿದ್ದ ಗಾಯಾಳುವನ್ನು ಕಂಡೂ ಪಕ್ಕಕ್ಕೆ ಸರಿದುಹೋದ ಯಾಜಕನ ಹಾಗಾಗುತ್ತೇವೆ. ಬರ, ನೆರೆ, ಬಡವರ ಗೋಳು ನಮ್ಮ ಜರಡಿಯಿಂದ ಉದುರಿ ಹೋಗಬಾರದು. ನಮ್ಮ ಅಭಿಪ್ರಾಯವನ್ನು ಒಪ್ಪದ ಒಂದು ಒಳ್ಳೆಯ ಪತ್ರಿಕೆಯೂ ಪಟ್ಟಿಯಲ್ಲಿರಲಿ. ಗಾಳಿಸುದ್ದಿ, ಕಾಲಹರಣ ಹೋಗಲಿ; ನೆರೆಯವನು ಉಳಿಯಲಿ.

ಆತ್ಮಸಂಯಮದ ಕೆಲಸವನ್ನು ಯಾವ ಆಪ್ ಕೂಡ ನಮ್ಮ ಪರವಾಗಿ ಮಾಡಲಾರದು. 1963ರಲ್ಲೇ ದ್ವಿತೀಯ ವ್ಯಾಟಿಕನ್ ಮಹಾಸಭೆ, ಮಾಧ್ಯಮಗಳ ಬಳಕೆಯಲ್ಲಿ ಮಿತಿ ಮತ್ತು ಶಿಸ್ತನ್ನು ರೂಢಿಸಿಕೊಳ್ಳಲು ವಿಶೇಷವಾಗಿ ಯುವಜನರಿಗೆ ಕರೆ ಕೊಟ್ಟಿತ್ತು. 2025ರ ಸೆಪ್ಟೆಂಬರ್ 7ರಂದು ಸಂತ ಪದವಿಗೇರಿದ ಕಾರ್ಲೊ ಅಕುಟಿಸ್, ಪರಮಪ್ರಸಾದದ ಅದ್ಭುತಗಳ ಕುರಿತು ಜಾಲತಾಣವನ್ನೇ ರೂಪಿಸಿದವರು. ಅವರೂ ವಿಡಿಯೊ ಗೇಮಿಗೆ ವಾರಕ್ಕೆ ಒಂದೇ ಗಂಟೆಯ ಮಿತಿ ಹಾಕಿಕೊಂಡಿದ್ದರು.

ಆತ್ಮಶೋಧನೆಗೆ

* ನಿನ್ನೆ ಮೊಬೈಲಿನಲ್ಲಿ ನೋಡಿದ್ದರಲ್ಲಿ ಇಂದು ನೆನಪಿರುವುದು ಎಷ್ಟು?
* ಆ ಹೊತ್ತಿನಲ್ಲಿ ನನಗಾಗಿ ಮನೆಯಲ್ಲಿ ಯಾರು ಕಾಯುತ್ತಿದ್ದರು?

ಈ ವಾರದ ಸಂಕಲ್ಪ: ಹೀಗೆ ಉಳಿಸಿದ ಅರ್ಧ ಗಂಟೆಯನ್ನು ಇನ್ನೊಂದು ವಿಡಿಯೊಗೆ ಕೊಡುವುದಿಲ್ಲ. ಅಜ್ಜಿಗೆ ನಿದ್ದೆ ಬರುವ ಮೊದಲೇ ಎಲ್ಲರೂ ಸೇರಿ ಜಪಸರ ಮಾಡುತ್ತೇವೆ.